ಕೊಡಗಿನ ತೋಟದ ಮರ ಮತ್ತು ಅದರ ಮೇಲೆ ಸುಮ್ನೆ ಬದುಕುವವರು

ಕೊಡಗಿನಲ್ಲಿ ಕಾಫಿ ತೋಟದ ಮರದ ಮಾತು ಬಂದರೆ ಈಗ ಎರಡು ಗುಂಪು ಆಗಿಬಿಡುತ್ತದೆ. ಒಬ್ಬರು ನೆರಳು ಜಾಸ್ತಿಯಾಯಿತು, ಬಿಸಿಲು ಬಿಡಿ, ಇಳುವರಿ ಬರಲಿ ಅನ್ನುತ್ತಾರೆ. ಇನ್ನೊಬ್ಬರು ಮರ ಕಡಿಯಬೇಡಿ, ಮರದಿಂದ ತಂಪು, ಮರದಿಂದ ಗೊಬ್ಬರ, ಮರದಿಂದ ಜೇನು, ಮರದಿಂದ ಕಾವೇರಿಗೆ ನೀರು ಅನ್ನುತ್ತಾರೆ. ನಾನು ಎರಡನೆಯವರ ಪಕ್ಷ. ಆದರೂ ಈ ವಾದದಲ್ಲಿ ಒಂದು ಕೊರತೆ ನನ್ನನ್ನು ತುಂಬ ಕಾಡುತ್ತದೆ. ಎರಡೂ ಕಡೆಯವರು ಕೇಳುತ್ತಿರುವುದು ಒಂದೇ ಪ್ರಶ್ನೆ: ಇದರಿಂದ ನಮಗೇನು ಬಂತು? ಹಳೆಯ ಮರವೊಂದರ ಮೇಲೆ ಬದುಕುವ ಎಷ್ಟೋ ಜೀವಗಳ ಹತ್ತಿರ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಅವು ಮರಕ್ಕೆ ಏನೂ ಕೊಡುವುದಿಲ್ಲ, ಮರದಿಂದ ಏನೂ ಕೀಳುವುದಿಲ್ಲ. ತೋಟದ ಮಾಲೀಕರ ಮಟ್ಟಿಗೂ ಅಷ್ಟೇ. ಮರ ಹೋದಾಗ ಅವೂ ಹೋಗುತ್ತವೆ, ಆದರೆ ಯಾರ ಲೆಕ್ಕದ ಪುಸ್ತಕದಲ್ಲೂ ಅದು ನಷ್ಟ ಅಂತ ಬೀಳುವುದಿಲ್ಲ.

ಒಂದು ಜೀವಿಗೆ ಅನುಕೂಲ, ಇನ್ನೊಂದಕ್ಕೆ ಲಾಭವೂ ಇಲ್ಲ ನಷ್ಟವೂ ಇಲ್ಲ, ಇಂಥ ಸಂಬಂಧವನ್ನು ಜೀವಶಾಸ್ತ್ರದ ಪಾಠದಲ್ಲಿ ಸಹಭೋಜಿತ್ವ ಅಂತ ಓದಿರುತ್ತೀರಿ. ಮಳೆ ಬಂದಾಗ ಯಾರದೋ ಮನೆಯ ಜಗಲಿಯಲ್ಲಿ ನಿಂತು, ಮಳೆ ಬಿಟ್ಟ ಮೇಲೆ ಹೋಗುವ ದಾರಿಹೋಕರಿಗೂ ಆ ಮನೆಗೂ ಇರುವಂಥ ಸಂಬಂಧ ಅದು. ಪಾಠದಲ್ಲಿ ಕೊಡುವ ಉದಾಹರಣೆ ಹೆಚ್ಚಾಗಿ ಸಮುದ್ರದ್ದು. ಶಾರ್ಕ್‌ಗೆ ಅಂಟಿಕೊಂಡು ಸವಾರಿ ಹೋಗುವ ರೆಮೋರಾ ಮೀನು, ತಿಮಿಂಗಿಲದ ಚರ್ಮದ ಮೇಲೆ ಕೂತ ಬಾರ್ನಕಲ್. 1870ರ ದಶಕದಲ್ಲಿ ಬೆಲ್ಜಿಯಂನ ಪ್ರಾಣಿಶಾಸ್ತ್ರಜ್ಞ ಪಿಯರ್ ಜೋಸೆಫ್ ವಾನ್ ಬೆನೆಡೆನ್ ಈ ವಿಂಗಡಣೆ ಮಾಡಿದಾಗ ಅವರೂ ಹೆಚ್ಚಾಗಿ ನೋಡುತ್ತಿದ್ದದ್ದು ಕಡಲಿನ ಜೀವಿಗಳನ್ನೇ. ಹಾಗಾಗಿ ಕಡಲು ಕಾಣದ ಮಡಿಕೇರಿಯ ಮಕ್ಕಳೂ ಶಾರ್ಕ್ ಕಥೆ ಬರೆದೇ ಅಂಕ ತೆಗೆದುಕೊಳ್ಳುತ್ತಾರೆ.

ನಮಗೆ ಶಾರ್ಕ್ ಬೇಕಿಲ್ಲ. ಮೆಣಸಿನ ಬಳ್ಳಿ ಸಾಕು.

ಕರಿಮೆಣಸಿನ ಬಳ್ಳಿ ಮರವನ್ನು ಹತ್ತುವುದು ಗಂಟುಗಂಟಿನಲ್ಲಿ ಬಿಡುವ ಸಣ್ಣ ಬೇರುಗಳಿಂದ. ಆ ಬೇರುಗಳು ತೊಗಟೆಯ ಮೇಲ್ಮೈಯನ್ನು ಹಿಡಿದುಕೊಳ್ಳುತ್ತವೆ ಅಷ್ಟೇ, ಒಳಗೆ ಇಳಿದು ಮರದ ರಸ ಹೀರುವುದಿಲ್ಲ. ಬಳ್ಳಿಗೆ ಬೇಕಾದ ನೀರು, ಗೊಬ್ಬರ ಎಲ್ಲ ಅದರ ಬುಡದ ಮಣ್ಣಿನಿಂದ. ಮರದಿಂದ ಅದಕ್ಕೆ ಬೇಕಾದದ್ದು ಎತ್ತರ ಮತ್ತು ಅರೆನೆರಳು. ಬುಡದ ಮಣ್ಣಿನಲ್ಲಿ ಎರಡರ ಬೇರೂ ಒಂದೇ ಗೊಬ್ಬರಕ್ಕೆ ಸ್ವಲ್ಪ ಪೈಪೋಟಿ ಮಾಡುತ್ತವೆ ಅನ್ನುವುದು ನಿಜ, ಆದರೆ ದೊಡ್ಡ ಮರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಕಾಫಿಗೆ ಬೆಲೆ ಬಿದ್ದ ವರ್ಷಗಳಲ್ಲಿ ಕೊಡಗಿನ ಎಷ್ಟೋ ಮನೆಗಳನ್ನು ಕಾಪಾಡಿದ್ದು ಮೆಣಸು. ಅಂದರೆ ಕೊಡದೆ, ಕೀಳದೆ ಒಂದರ ಮೇಲೊಂದು ಬದುಕುವ ಈ ವ್ಯವಸ್ಥೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ, ಅದರ ದುಡ್ಡನ್ನೂ ಉಂಡಿದ್ದೇವೆ. ಮೆಣಸಿನ ಬಳ್ಳಿಗೆ ಕೊಡುವ ಆ ಜಾಗವನ್ನು ಉಳಿದವುಗಳಿಗೆ ಕೊಡಲು ಮಾತ್ರ ನಮಗೆ ಮನಸ್ಸು ಬರುವುದಿಲ್ಲ.

ಉಳಿದವು ಅಂದರೆ ಯಾವುವು? ಮೊದಲು ಸೀತಾಳೆ, ಅಂದರೆ ಆರ್ಕಿಡ್. ಮಳೆ ಹಿಡಿಯುವ ಹೊತ್ತಿಗೆ ಹಲಸಿನ ಮರದ ಕೊಂಬೆಯಿಂದ ನೇರಳೆ ಚುಕ್ಕಿಯ ಹೂಗೊಂಚಲು ಜೋತು ಬಿದ್ದಿರುತ್ತದಲ್ಲ, ಅದನ್ನು ಸೀತಾಳೆ ದಂಡೆ ಅನ್ನುತ್ತಾರೆ. ಅದೊಂದೇ ಅಲ್ಲ, ಈ ಜಾತಿಯ ಗಿಡಗಳು ನಮ್ಮ ಮರಗಳ ಮೇಲೆ ಹತ್ತಾರು ಬಗೆ ಇವೆ, ಕೆಲವು ಎಷ್ಟು ಸಣ್ಣವೆಂದರೆ ಹೂ ಬಿಟ್ಟದ್ದೂ ಗೊತ್ತಾಗುವುದಿಲ್ಲ. ಇವು ತಮ್ಮ ಎಲೆಯಲ್ಲಿ ತಾವೇ ಆಹಾರ ಮಾಡಿಕೊಳ್ಳುತ್ತವೆ. ನೀರು ಮಳೆಯಿಂದ, ಮಂಜಿನಿಂದ. ಬೇರಿನ ಮೇಲೆ ಬಿಳಿಯ, ಸ್ಪಂಜಿನಂಥ ಒಂದು ಪದರ ಇರುತ್ತದೆ. ಒಣಗಿದಾಗ ಬೂದಿ ಬಣ್ಣ, ಮಳೆ ತಾಗಿದ ತಕ್ಷಣ ಹಸಿರು. ಕೊಂಬೆಯ ಮೇಲೆ ಹರಿದು ಹೋಗುವ ನೀರನ್ನು, ಅದರಲ್ಲಿ ಕರಗಿದ ಚೂರುಪಾರು ಲವಣವನ್ನು ಆ ಪದರ ಹಿಡಿದಿಟ್ಟುಕೊಳ್ಳುತ್ತದೆ. ಮರದಿಂದ ಒಂದು ತೊಟ್ಟು ರಸವೂ ಹೋಗುವುದಿಲ್ಲ. ಇದರ ಬೀಜ ದೂಳಿನಷ್ಟು ಸಣ್ಣದು, ಒಂದು ಕಾಯಿಯಲ್ಲಿ ಸಾವಿರಗಟ್ಟಲೆ ಇರುತ್ತವೆ, ಆದರೆ ಬೀಜದೊಳಗೆ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ. ತೊಗಟೆಯ ಮೇಲೆ ಸರಿಯಾದ ಜಾತಿಯ ಶಿಲೀಂಧ್ರ ಸಿಕ್ಕರೆ ಮಾತ್ರ ಅದು ಚಿಗುರುತ್ತದೆ. ಗಾಳಿಯಲ್ಲಿ ಹಾರಿದ ಬೀಜ ಸರಿಯಾದ ಮರ, ಸರಿಯಾದ ತೇವ, ಸರಿಯಾದ ಶಿಲೀಂಧ್ರ ಮೂರೂ ಇರುವ ಜಾಗಕ್ಕೆ ಬಿದ್ದು, ಅಲ್ಲಿಂದ ಹೂ ಬಿಡುವ ಗಿಡವಾಗಲು ವರ್ಷಗಳೇ ಬೇಕು.

ಇಷ್ಟೆಲ್ಲ ಆಗಿ ನಿಂತ ಗಿಡವನ್ನು ಮರ ಕಪಾತು ಮಾಡುವ, ಅಂದರೆ ಕೊಂಬೆ ಸವರುವ ದಿನ ಕತ್ತಿಯ ಹಿಂಬದಿಯಿಂದ ಕೆರೆದು ಬಿಸಾಡುತ್ತಾರೆ. ಕೇಳಿದರೆ "ಬಂದಳಿಕೆ ಅಲ್ವಾ, ಮರಕ್ಕೆ ಕೆಟ್ಟದ್ದು" ಅನ್ನುತ್ತಾರೆ. ಇಲ್ಲಿ ನಿಲ್ಲಬೇಕು, ಯಾಕೆಂದರೆ ತೋಟದಲ್ಲಿ ನಡೆಯುವ ದೊಡ್ಡ ತಪ್ಪು ಇದೇ. ಬಂದಳಿಕೆ ನಿಜಕ್ಕೂ ಪರಾವಲಂಬಿ. ಅದು ಕೊಂಬೆಯ ಒಳಗೆ ಬೇರಿಳಿಸಿ ಮರದ ನೀರು, ಲವಣ ಎರಡನ್ನೂ ಎಳೆಯುತ್ತದೆ. ಜಾಸ್ತಿಯಾದರೆ ಕೊಂಬೆ ಒಣಗುತ್ತದೆ, ತೆಗೆಯಲೇಬೇಕು. ಸೀತಾಳೆ ಹಾಗಲ್ಲ. ಎರಡನ್ನೂ ಬೇರೆಬೇರೆ ಗುರುತಿಸುವುದು ಏನೂ ಕಷ್ಟವಿಲ್ಲ. ಬಂದಳಿಕೆ ಕೊಂಬೆಗೆ ಸೇರುವ ಜಾಗ ಗಂಟಿನ ಹಾಗೆ ಊದಿಕೊಂಡಿರುತ್ತದೆ, ಅದರ ಕಾಂಡ ಮರದ ಕಾಂಡದ ಹಾಗೆ ಗಟ್ಟಿ. ಸೀತಾಳೆಯ ಬೂದು ಬೇರುಗಳು ತೊಗಟೆಯ ಮೇಲೆಯೇ ಹರಡಿಕೊಂಡು ಹೊರಗೆ ಕಾಣುತ್ತವೆ. ಕತ್ತಿ ಹಿಡಿದು ಮರ ಹತ್ತುವವರಿಗೆ ಇದನ್ನು ಒಂದು ಸಲ ತೋರಿಸಿಕೊಟ್ಟರೆ ಸಾಕು, ಅವರ ಕಣ್ಣು ನಮ್ಮ ಕಣ್ಣಿಗಿಂತ ಚುರುಕು. ತೋರಿಸಿಕೊಡುವವರು ಇಲ್ಲ ಅಷ್ಟೇ.

ಮರ ಕೆಸದ ವಿಷಯ ಬಂದರೆ ಮಾತ್ರ ಎಲ್ಲರ ಮುಖ ಅರಳುತ್ತದೆ. ಮಳೆಗಾಲದಲ್ಲಿ ಹಳೆಯ ಮರದ ಕವಲಿನಲ್ಲಿ, ಪಾಚಿ ಹಿಡಿದ ಕೊಂಬೆಯ ಮೇಲೆ ಹುಟ್ಟುವ ಈ ಕೆಸದ ಎಲೆಯ ಪತ್ರೊಡೆಗೆ ನೆಲದ ಕೆಸದ ಪತ್ರೊಡೆ ಸಾಟಿಯಲ್ಲ, ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಇದು ಕೂಡ ಮರದಿಂದ ಏನನ್ನೂ ಕೀಳುವುದಿಲ್ಲ. ಕವಲಿನಲ್ಲಿ ವರ್ಷಗಟ್ಟಲೆ ಬಿದ್ದು ಕೊಳೆತ ಎಲೆ, ತೊಗಟೆ ಪುಡಿ, ಹಕ್ಕಿ ಹಿಕ್ಕೆ ಎಲ್ಲ ಸೇರಿ ಒಂದು ಹಿಡಿ ಮಣ್ಣಾಗಿರುತ್ತದಲ್ಲ, ಅದರಲ್ಲಿ ಬೇರೂರುತ್ತದೆ. ಬೇಸಿಗೆಯಲ್ಲಿ ಎಲೆ ಇರುವುದಿಲ್ಲ, ಗೆಡ್ಡೆ ಮಾತ್ರ ಅಲ್ಲೇ ಮಲಗಿರುತ್ತದೆ. ಆ ಒಂದು ಹಿಡಿ ಮಣ್ಣು ಆಗಲು ಮರಕ್ಕೆ ವಯಸ್ಸಾಗಿರಬೇಕು, ಕೊಂಬೆ ಅಗಲವಾಗಿ ಅಡ್ಡಕ್ಕೆ ಚಾಚಿರಬೇಕು. ಮೊನ್ನೆ ನೆಟ್ಟ ಮರದಲ್ಲಿ ಮರ ಕೆಸ ಬರುವುದಿಲ್ಲ. ನಮ್ಮೂರ ಕಡೆ ಈಗ ಮರ ಕೆಸ ಸಿಗುವುದಿಲ್ಲ ಅಂತ ಬೇಸರ ಮಾಡಿಕೊಳ್ಳುವವರು ಎಷ್ಟು ಹಳೆಯ ಮರ ಉಳಿದಿದೆ ಅಂತ ಒಮ್ಮೆ ತಲೆಯೆತ್ತಿ ನೋಡಬೇಕು.

ಕೊಂಬೆಯ ಮೇಲಿನ ಆ ಮಣ್ಣಿನದ್ದೇ ಒಂದು ಲೋಕ. ಅಗಲ ಎಲೆಯ ಜರಿಗಿಡಗಳು ಅಲ್ಲಿ ಬುಟ್ಟಿಯ ಹಾಗೆ ಹರಡಿಕೊಂಡು ಇನ್ನಷ್ಟು ತರಗೆಲೆ ಹಿಡಿಯುತ್ತವೆ. ತೇವ ನಿಲ್ಲುತ್ತದೆ. ಎರೆಹುಳು, ಜರಿ, ಜೇಡ, ಇರುವೆ ಎಲ್ಲ ಬರುತ್ತವೆ. ಪಶ್ಚಿಮ ಘಟ್ಟದ ಪೊದೆಗಪ್ಪೆಗಳಲ್ಲಿ ಬಹಳ ಜಾತಿಗಳಿಗೆ ಗೊದಮೊಟ್ಟೆ ಹಂತವೇ ಇಲ್ಲ. ಮೊಟ್ಟೆಯೊಳಗೇ ಬೆಳೆದು ನೇರವಾಗಿ ಪುಟ್ಟ ಕಪ್ಪೆಯಾಗಿ ಹೊರಬರುತ್ತವೆ. ಅವುಗಳಿಗೆ ಕೆರೆ ಬೇಕಿಲ್ಲ, ಮೊಟ್ಟೆ ಒಣಗದಷ್ಟು ತೇವ ಬೇಕು. ಕಕ್ಕಡದ, ಅಂದರೆ ಜುಲೈ, ಆಗಸ್ಟಿನ ಮಳೆಯಲ್ಲಿ ರಾತ್ರಿ ತೋಟದ ತುಂಬ ಕೇಳುವ ಟಿಕ್ ಟಿಕ್ ಸದ್ದಿನಲ್ಲಿ ಅವುಗಳ ಪಾಲು ದೊಡ್ಡದು.

ಹಾಗಾದರೆ ಮರಕ್ಕೆ ಇದರಿಂದ ನಿಜವಾಗಿಯೂ ಲಾಭವಿಲ್ಲವೇ? ಇಲ್ಲಿ ವಿಷಯ ಸ್ವಲ್ಪ ಸೂಕ್ಷ್ಮವಾಗುತ್ತದೆ. 1981ರ ಸುಮಾರಿಗೆ ನಳಿನಿ ನಾಡಕರ್ಣಿ ಎಂಬ ವಿಜ್ಞಾನಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಳೆಕಾಡಿನಲ್ಲಿ ಮೇಪಲ್ ಮರಗಳನ್ನು ಹತ್ತಿ ನೋಡಿದಾಗ ಒಂದು ಆಶ್ಚರ್ಯ ಕಂಡರು. ಕೊಂಬೆಯ ಮೇಲಿನ ದಪ್ಪ ಪಾಚಿಯನ್ನು ಎತ್ತಿದರೆ ಅದರೊಳಗೆ ಬೇರು. ಪಾಚಿಯ ಮೇಲೆ ಬೆಳೆದ ಗಿಡಗಳ ಬೇರಲ್ಲ, ಆ ಮರದ್ದೇ ಬೇರು. ಮರ ತನ್ನ ಕೊಂಬೆಯಿಂದಲೇ ಬೇರು ಬಿಟ್ಟು, ತನ್ನ ಮೇಲೆ ಕೂತವರು ಕೂಡಿಟ್ಟ ಮಣ್ಣಿನಿಂದ ಆಹಾರ ತೆಗೆದುಕೊಳ್ಳುತ್ತಿತ್ತು! ಅಲ್ಲಿಯವರೆಗೆ ಲಾಭವಿಲ್ಲ ಅಂತ ಬರೆದಿಟ್ಟ ಜಾಗದಲ್ಲಿ ಲಾಭ ಇತ್ತು, ಯಾರೂ ಮರ ಹತ್ತಿ ನೋಡಿರಲಿಲ್ಲ. ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನುವುದು ಎಷ್ಟೋ ಸಲ ನಮಗೆ ಇಲ್ಲಿಯವರೆಗೆ ತಿಳಿದದ್ದರ ಗಡಿ ಅಷ್ಟೇ.

ಇನ್ನು ಪೊಟರೆಗಳು. ಮರಕುಟಿಗ ಮತ್ತು ಕುಟ್ರು ಹಕ್ಕಿ ತಾವೇ ಮರ ಕೊರೆದು ಗೂಡು ಮಾಡುತ್ತವೆ. ಸಾಮಾನ್ಯವಾಗಿ ಒಣಗಿದ, ಮೆತ್ತಗಾದ ಕೊಂಬೆ ಹುಡುಕಿಕೊಳ್ಳುತ್ತವೆ. ಮರಿ ಹಾರಿಸಿದ ಮೇಲೆ ಆ ತೂತು ಖಾಲಿ. ಕೊರೆಯಲು ಬಾರದ ಮೈನಾ, ಗಿಳಿ, ಮಡಿವಾಳ ಹಕ್ಕಿ, ಸಣ್ಣ ಗೂಬೆ ಇವೆಲ್ಲ ಆ ಹಳೆಯ ತೂತುಗಳಲ್ಲೇ ಸಂಸಾರ ಮಾಡುತ್ತವೆ. ಕೊರೆದ ಹಕ್ಕಿಗೆ ಇದರಿಂದ ಆಗಬೇಕಾದ್ದೂ ಇಲ್ಲ, ಹೋಗಬೇಕಾದ್ದೂ ಇಲ್ಲ. ದೊಡ್ಡ ಮರದಲ್ಲಿ ಕೊಂಬೆ ಮುರಿದ ಜಾಗ ಕೊಳೆತು ಆಗುವ ದೊಡ್ಡ ಪೊಟರೆಗಳು ಮಂಗಟ್ಟೆ ಹಕ್ಕಿಗೆ (ಹಾರ್ನ್‌ಬಿಲ್), ಹಾರುವ ಅಳಿಲಿಗೆ, ತುಡುವೆ ಜೇನಿಗೆ ಬೇಕು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮಲಬಾರ್ ಬೂದು ಮಂಗಟ್ಟೆ ನಮ್ಮ ತೋಟಗಳಲ್ಲಿ ಈಗಲೂ ನಗುವ ಹಾಗೆ ಕೂಗುತ್ತಾ ಓಡಾಡುತ್ತದೆ. ಹೆಣ್ಣು ಪೊಟರೆಯೊಳಗೆ ಹೊಕ್ಕು ಬಾಗಿಲನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಟ್ಟು, ಅದರ ಮೂಲಕ ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಕೊಡುತ್ತದೆ. ಇಷ್ಟು ದೊಡ್ಡ ಕೊಕ್ಕಿದ್ದರೂ ಅದಕ್ಕೆ ಗಟ್ಟಿ ಮರ ಕೊರೆಯಲು ಬರುವುದಿಲ್ಲ. ಪೊಟರೆ ಸಿಗದಿದ್ದರೆ ಆ ವರ್ಷ ಮರಿಯಿಲ್ಲ. ತೋಟದಲ್ಲಿ ಅತ್ತಿ, ಗೋಳಿ, ಬಸರಿ ಹಣ್ಣು ತುಂಬ ಇದ್ದು ಮಂಗಟ್ಟೆ ಕಂಡರೆ ನಾವು ಖುಷಿಪಡುತ್ತೇವೆ, ಆದರೆ ಅದು ಅಲ್ಲಿ ಉಣ್ಣುತ್ತಿದೆಯೋ ಇಲ್ಲ ಮರಿಯೂ ಮಾಡುತ್ತಿದೆಯೋ ಅನ್ನುವುದು ಬೇರೆ ಪ್ರಶ್ನೆ. ನಮ್ಮ ತೋಟಗಳಲ್ಲಿ ಒಣಗಿದ ಕೊಂಬೆಯನ್ನು, ಪೊಳ್ಳಾದ ಮರವನ್ನು ಮೊದಲು ತೆಗೆಯುತ್ತೇವೆ. ಕಾರ್ಮಿಕರ ತಲೆಯ ಮೇಲೆ ಬೀಳಬಾರದು ಅನ್ನುವುದು ಸರಿ. ಕಾರ್ಮಿಕರ ಲೈನ್ ಮನೆ, ಕಣ, ದಾರಿಯಿಂದ ದೂರ ಇರುವ ಮೂಲೆಯ ಮರಕ್ಕೂ ಅದೇ ನಿಯಮ ಯಾಕೆ?

ಹೆಜ್ಜೇನಿನ ಕಥೆ ಇನ್ನೂ ಉದ್ದ. ಅದು ತೆರೆದ ಎತ್ತರದ ಕೊಂಬೆಯ ಅಡಿಗೆ ಹುಟ್ಟು ಕಟ್ಟುತ್ತದೆ, ಒಂದೇ ಮರದಲ್ಲಿ ಎಷ್ಟೋ ಹುಟ್ಟುಗಳು. ಊರೂರು ಅಲೆದು ವರ್ಷ ವರ್ಷವೂ ಅದೇ ಮರಕ್ಕೆ ಮರಳಿ ಬರುವುದು ಜೇನು ಕುರುಬರಿಗೆ ಯಾವಾಗಲೂ ಗೊತ್ತಿದ್ದ ಸಂಗತಿ. ಹುಟ್ಟು ಕಟ್ಟಿಸಿಕೊಂಡ ಮರಕ್ಕೆ ಅದರಿಂದ ವಿಶೇಷ ಏನೂ ಸಿಗುವುದಿಲ್ಲ, ಕಳೆದುಕೊಳ್ಳುವುದೂ ಇಲ್ಲ. ಆದರೆ ಫೆಬ್ರವರಿ, ಮಾರ್ಚಿನಲ್ಲಿ ಹೂ ಮಳೆ ಬಿದ್ದು ಅಥವಾ ಸ್ಪ್ರಿಂಕ್ಲರ್ ಹಾಕಿ ವಾರ ಕಳೆದ ಮೇಲೆ ರೋಬಸ್ಟಾ ಕಾಫಿ ತೋಟ ಹೂ ಬಿಟ್ಟು ಬೆಳ್ಳಗಾಗುತ್ತದಲ್ಲ, ಆಗ ಕೆಳಗೆ ಬೇರೆಯೇ ವ್ಯವಹಾರ ಶುರು. ರೋಬಸ್ಟಾ ಗಿಡಕ್ಕೆ ತನ್ನದೇ ಪರಾಗದಿಂದ ಕಾಯಿ ಕಟ್ಟಲು ಬರುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಗಾಳಿ ಒಂದಿಷ್ಟು ಕೆಲಸ ಮಾಡುತ್ತದೆ, ಜೇನು ಬಂದ ಹೂವಿನಲ್ಲಿ ಕಾಯಿ ಹೆಚ್ಚು ನಿಲ್ಲುತ್ತದೆ ಅಂತ ಕೊಡಗಿನಲ್ಲೇ ನಡೆದ ಅಧ್ಯಯನಗಳು ತೋರಿಸಿವೆ. ಕಾಫಿಗೂ ಜೇನಿಗೂ ಇರುವುದು ಕೊಟ್ಟು ತೆಗೆದುಕೊಳ್ಳುವ ಸಂಬಂಧ, ಅದನ್ನು ಎಲ್ಲರೂ ಒಪ್ಪುತ್ತಾರೆ. ಜೇನಿಗೂ ಮರಕ್ಕೂ ಇರುವುದು ಮೇಲೆ ಹೇಳಿದ ಸುಮ್ನೆ ಸಂಬಂಧ. ಎರಡನೆಯದು ಇಲ್ಲದೆ ಮೊದಲನೆಯದು ನಡೆಯುವುದೇ ಇಲ್ಲ. ಲಾಭದ ಲೆಕ್ಕದಲ್ಲಿ ಜೇನು ಬಂತು, ಜೇನು ಕೂತ ಕೊಂಬೆ ಬರಲಿಲ್ಲ.

ಗದ್ದೆಗೆ ಇಳಿದರೆ ಬೆಳ್ಳಕ್ಕಿ. ದನ ಮೇಯುತ್ತಾ ಹೆಜ್ಜೆ ಹಾಕಿದಂತೆ ಹುಲ್ಲಿನಿಂದ ಮಿಡತೆ ಏಳುತ್ತದೆ, ಪಕ್ಕದಲ್ಲಿ ನಡೆಯುವ ಬೆಳ್ಳಕ್ಕಿ ಅದನ್ನು ಹಿಡಿಯುತ್ತದೆ. ಒಂಟಿಯಾಗಿ ಹುಡುಕುವುದಕ್ಕಿಂತ ದನದ ಜೊತೆ ಹೋದರೆ ಕಡಿಮೆ ಹೆಜ್ಜೆಗೆ ಜಾಸ್ತಿ ಊಟ, ಇದನ್ನು ಎಣಿಸಿ ನೋಡಿದವರಿದ್ದಾರೆ. ಎತ್ತು ಹೋಗಿ ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಅದು ಅವುಗಳ ಹಿಂದೆಯೂ ಹೋಯಿತು. ಆದರೆ ಗದ್ದೆಯೇ ಪಾಳು ಬಿದ್ದರೆ, ಶುಂಠಿಗೋ ಮನೆ ಕಟ್ಟುವುದಕ್ಕೋ ಹೋದರೆ ಹಿಂಬಾಲಿಸಲು ಏನಿದೆ? ಕೊಡಗಿನ ಬಯಲುಗಳಲ್ಲಿ ಆಗುತ್ತಿರುವುದು ಇದೇ.

ನಾಗರಹೊಳೆಯ ಕಡೆ ಮುಸುವ ಮರದ ಮೇಲೆ ಕೂತು ಎಲೆ, ಕಾಯಿ ಅರ್ಧ ತಿಂದು ಅರ್ಧ ಬೀಳಿಸುತ್ತದೆ, ಅಡಿಯಲ್ಲಿ ಜಿಂಕೆಗಳು ಕಾದಿರುತ್ತವೆ. ಆನೆ ಹಡ್ಲುಗಳಲ್ಲಿ, ಅಂದರೆ ಕಾಡಿನ ನಡುವಿನ ಜೌಗು ಹುಲ್ಲುಗಾವಲುಗಳಲ್ಲಿ ನಡೆದರೆ ಹೆಜ್ಜೆ ಗುಂಡಿಯಾಗಿ ನೀರು ನಿಲ್ಲುತ್ತದೆ. ಮ್ಯಾನ್ಮಾರ್‌ನಲ್ಲಿ ಇಂಥ ಹೆಜ್ಜೆಗುಂಡಿಗಳಲ್ಲಿ ಕಪ್ಪೆಗಳು ಮೊಟ್ಟೆಯಿಟ್ಟು ಗೊದಮೊಟ್ಟೆ ಬೆಳೆಯುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಆನೆಗೆ ಅದರ ಅರಿವೂ ಇರುವುದಿಲ್ಲ.

ಆನೆಯ ಹೆಸರು ಬಂದ ಮೇಲೆ ಕೊಡಗಿನಲ್ಲಿ ಅಷ್ಟಕ್ಕೇ ಮುಗಿಸಲು ಆಗುವುದಿಲ್ಲ. ನಷ್ಟವೂ ಇಲ್ಲ ಅನ್ನುವ ಸ್ಥಿತಿ ಶಾಶ್ವತವಲ್ಲ ಅನ್ನುವುದನ್ನು ನಮಗೆ ಆನೆಗಿಂತ ಚೆನ್ನಾಗಿ ಕಲಿಸಿದವರಿಲ್ಲ. ಶೇಡಿಗೆ ಬಿಟ್ಟ ಹಲಸಿನ ಹಣ್ಣು ತೋಟದಲ್ಲಿ ಬಿದ್ದು ಕೊಳೆಯುತ್ತದೆ, ಆನೆ ಬಂದು ತಿಂದು ಹೋದರೆ ಯಾರಿಗೇನು ಅಂತ ಒಂದು ಕಾಲದಲ್ಲಿ ಹೇಳಬಹುದಿತ್ತು. ಕಾಡು ತುಂಡಾಗಿ, ದಾರಿಗಳು ಮುಚ್ಚಿ, ಆನೆಗಳು ತೋಟದಲ್ಲೇ ಬೀಡುಬಿಡುವ ಹಾಗಾದ ಮೇಲೆ ಅದೇ ಹಲಸು ಗಿಡ ಮುರಿಯುವುದಕ್ಕೆ, ಪೈಪ್ ಒಡೆಯುವುದಕ್ಕೆ, ಬೆಳಗ್ಗೆ ಕೆಲಸಕ್ಕೆ ಬಂದ ಕಾರ್ಮಿಕರ ಪ್ರಾಣಕ್ಕೆ ಕಾರಣವಾಯಿತು. ಈಗ ಎಷ್ಟೋ ತೋಟಗಳಲ್ಲಿ ಹಲಸನ್ನು ಎಳೆಗಾಯಿಯಲ್ಲೇ ಕಿತ್ತು ಹಾಕುತ್ತಾರೆ. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಎರಡು ಜೀವಿಗಳ ನಡುವೆ ಸ್ಥಳ ಧಾರಾಳವಾಗಿದ್ದಾಗ ಮಾತ್ರ ಒಬ್ಬರಿಂದ ಇನ್ನೊಬ್ಬರಿಗೆ ತೊಂದರೆಯಿಲ್ಲ. ಜಾಗ ಕಿರಿದಾದ ಹಾಗೆ ಅದೇ ಸಂಬಂಧ ಹಗೆಯಾಗುತ್ತದೆ. ಗೋಳಿ ಮರವೂ ಹೀಗೆಯೇ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ ಇನ್ನೊಂದು ಮರದ ಕವಲಿನಲ್ಲಿ ಮೊಳೆತಾಗ ಅದು ಸೀತಾಳೆಯಷ್ಟೇ ಸಾಧು. ಬೇರು ನೆಲ ಮುಟ್ಟಿದ ದಿನದಿಂದ ಆಶ್ರಯ ಕೊಟ್ಟ ಮರದ ಕಥೆ ಮುಗಿಯುತ್ತಾ ಬರುತ್ತದೆ. ಹಾಗಂತ ಗೋಳಿಯನ್ನು ಬಿಡಲಾಗುವುದಿಲ್ಲ, ಬೇರೆ ಮರಗಳು ಹಣ್ಣು ಬಿಡದ ಕಾಲದಲ್ಲಿ ಕಾಡಿನ ಹಕ್ಕಿಗಳಿಗೆ ಅನ್ನ ಹಾಕುವುದೇ ಅದು.

ಈಗ ತೋಟದಲ್ಲಿ ಏನು ನಡೆಯುತ್ತಿದೆ ನೋಡೋಣ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವುದು 4,102 ಚದರ ಕಿಲೋಮೀಟರಿನ ಈ ಸಣ್ಣ ಜಿಲ್ಲೆ. ಅದರಲ್ಲಿ ಹೆಚ್ಚಿನ ಪಾಲು ರೋಬಸ್ಟಾ. 2024ರಲ್ಲಿ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 50 ಕೆಜಿ ಮೂಟೆಗೆ 10,000 ರೂಪಾಯಿ ದಾಟಿದಾಗ, ಎಷ್ಟೋ ವರ್ಷ ನಷ್ಟದಲ್ಲಿ ದೂಡಿದ ಬೆಳೆಗಾರರು ಉಸಿರಾಡಿದರು. ಅದು ಅವರಿಗೆ ಸಲ್ಲಬೇಕಾದದ್ದೇ. ಆದರೆ ರೋಬಸ್ಟಾಗೆ ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾದಷ್ಟು ನೆರಳು ಬೇಡ, ಬಿಸಿಲು ಬಿಟ್ಟು ನೀರು ಕೊಟ್ಟರೆ ಫಸಲು ಏರುತ್ತದೆ. ಬೆಲೆ ಏರಿದಾಗ ಮೊದಲು ಕಣ್ಣಿಗೆ ಬೀಳುವುದು ಅಗಲ ಕೊಂಬೆಯ ಹಳೆಯ ಮರ. ಅರೇಬಿಕಾ ತೋಟದಲ್ಲಿ ಹೀಗೆ ಬಿಸಿಲು ಬಿಟ್ಟರೆ ಬಿಳಿ ಕಾಂಡಕೊರಕ ಹುಳು ಜಾಸ್ತಿಯಾಗುತ್ತದೆ ಅನ್ನುವ ಹೆದರಿಕೆಯಾದರೂ ಇದೆ. ರೋಬಸ್ಟಾಗೆ ಆ ತಡೆಯೂ ಇಲ್ಲ.

ಕಡಿದ ಜಾಗದಲ್ಲಿ ಬರುವುದು ಸಿಲ್ವರ್. ಪೂರ್ವ ಆಸ್ಟ್ರೇಲಿಯಾದ ಈ ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಗ್ಗುತ್ತದೆ, ಬೇಕಾದಾಗ ಕಡಿದು ಮಾರಲು ಅನುಮತಿಗಾಗಿ ಅಲೆಯಬೇಕಿಲ್ಲ. ಬೀಟೆ, ಹೊನ್ನೆ, ಮತ್ತಿ, ನಂದಿ, ಬಳಂಜಿ ಹಾಗಲ್ಲ. ನಿಮ್ಮದೇ ತೋಟದ ಕಾಡು ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದರ ಮೇಲೆ ವಂಶಪಾರಂಪರ್ಯವಾಗಿ ಬಂದ ಕೊಡಗಿನ ಜಮ್ಮಾ, ಬಾಣೆ ಜಾಗಗಳಲ್ಲಿ ಸರ್ಕಾರಕ್ಕೆ ಹಣ ಕಟ್ಟಿ ಮರದ ಹಕ್ಕು ಬಿಡಿಸಿಕೊಳ್ಳದಿದ್ದರೆ ಮರದ ಬೆಲೆಯಲ್ಲಿ ಸರ್ಕಾರಕ್ಕೂ ಪಾಲು. ಕಾನೂನಿನ ಉದ್ದೇಶ ಮರ ಉಳಿಸುವುದು. ಪರಿಣಾಮ ಏನಾಯಿತು ಅಂದರೆ, ತಾನಾಗಿ ಹುಟ್ಟಿದ ಕಾಡು ಮರದ ಸಸಿಯನ್ನು ಮೊಣಕಾಲೆತ್ತರ ಇರುವಾಗಲೇ ಕೀಳುತ್ತಾರೆ. ದೊಡ್ಡದಾದರೆ ಮರ ನಮ್ಮದಲ್ಲ, ತಲೆನೋವು ಮಾತ್ರ ನಮ್ಮದು ಅನ್ನುವ ಭಾವನೆ. ಇದು ನನ್ನ ಪ್ರಕಾರ ಕೊಡಗಿನ ಮರಗಳ ದೊಡ್ಡ ಶತ್ರು, ಬೆಲೆಯೇರಿಕೆಗಿಂತ ದೊಡ್ಡದು.

ಸಿಲ್ವರ್ ಕೂಡ ಮರವೇ ಅಲ್ವಾ ಅಂತ ಕೇಳುವವರಿದ್ದಾರೆ. ಮರ ಎಣಿಸಿದರೆ ಸಂಖ್ಯೆ ಕಡಿಮೆಯಾಗಿರುವುದಿಲ್ಲ, ಮೇಲಿನಿಂದ ನೋಡಿದರೂ ಹಸಿರೇ. ಹತ್ತಿರ ಹೋಗಿ ನೋಡಿ. ಕಿರಿದಾದ ತಲೆ, ತೆಳು ಕೊಂಬೆ, ಅದನ್ನೂ ಆಗಾಗ ಸವರುತ್ತಾರೆ. ಅಡ್ಡಕ್ಕೆ ಚಾಚಿದ ದಪ್ಪ ಕವಲು ಇಲ್ಲ, ಹಾಗಾಗಿ ಮಣ್ಣು ಕೂಡುವುದಿಲ್ಲ, ಮರ ಕೆಸ ಇಲ್ಲ. ಪೊಟರೆ ಆಗುವಷ್ಟು ವಯಸ್ಸಾಗುವ ಮೊದಲೇ ಅದು ಪ್ಲೈವುಡ್ ಕಾರ್ಖಾನೆಗೆ ಹೋಗಿರುತ್ತದೆ. ಹಲಸು, ಅತ್ತಿಯ ಹಾಗೆ ಹಕ್ಕಿಗೆ ಹಣ್ಣಿಲ್ಲ. ಮೆಣಸು ಒಂದಕ್ಕೆ ಜಾಗ ಇದೆ, ನಾವು ಕೂರಿಸಿದ್ದಕ್ಕೆ ಮಾತ್ರ. ತಾನಾಗಿ ಬಂದು ಕೂರುವವರಿಗೆ ಇಲ್ಲ.

ಯುರೋಪಿಗೆ ಕಾಫಿ ಕಳಿಸುವವರನ್ನು ಈಗ ಕಾಡುತ್ತಿರುವ ಅರಣ್ಯನಾಶ ವಿರೋಧಿ ಕಾನೂನು ಇಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಕೆಲವರು ನಂಬಿದ್ದಾರೆ. 2023ರಲ್ಲಿ ಒಪ್ಪಿಗೆಯಾದ ಆ ಕಾನೂನು ಕೇಳುವುದು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ತೋಟ ಮಾಡಿದ್ದೀರಾ ಅಂತ. ಮೊದಲೇ ತೋಟವಾಗಿದ್ದ ಜಾಗದಲ್ಲಿ ಮತ್ತಿ ಹೋಗಿ ಸಿಲ್ವರ್ ಬಂದದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ನೆರಳಿನ ಕಾಫಿ ಅಂತ ಪ್ಯಾಕೆಟ್ ಮೇಲೆ ಬರೆದು ಮಾರುವಾಗಲೂ ಯಾವ ಮರದ ನೆರಳು ಅಂತ ಕೊಳ್ಳುವವರು ಕೇಳುವುದಿಲ್ಲ. ಕೇಳುವ ಕಾಲ ಬರಬೇಕು, ಅದಕ್ಕೆ ಬೆಲೆಯೂ ಸಿಗಬೇಕು.

ದೇವರಕಾಡು ಇದೆಯಲ್ಲ, ಈ ಜೀವಗಳಿಗೆ ಅಷ್ಟು ಸಾಲದೇ ಅನ್ನುವ ಮಾತೂ ಬರುತ್ತದೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಪ್ರತಿ ಊರಿಗೂ ಒಂದಾದರೂ ಅನ್ನುವಷ್ಟು. ಹೆಮ್ಮೆಯ ಸಂಗತಿಯೇ. ಆದರೆ 1905ರಲ್ಲಿ ಸುಮಾರು 15,500 ಎಕರೆ ಇದ್ದದ್ದು 1985ರ ಹೊತ್ತಿಗೆ 6,300 ಎಕರೆಗೆ ಇಳಿದಿತ್ತು. ಅದರಲ್ಲೂ ಬಹಳಷ್ಟು ಸಣ್ಣ ಸಣ್ಣ ತುಂಡುಗಳು, ಸುತ್ತಲೂ ಕಾಫಿ ತೋಟ. ಸೀತಾಳೆಯ ಬೀಜವಾಗಲಿ, ಮಂಗಟ್ಟೆಯಾಗಲಿ ಒಂದು ದೇವರಕಾಡಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವಿನ ತೋಟದಲ್ಲಿ ನಿಲ್ಲಲು ಮರ ಬೇಕು. ತೋಟಗಳು ಹಳೆಯ ಮರ ಉಳಿಸಿಕೊಂಡಿದ್ದರಿಂದಲೇ ದೇವರಕಾಡುಗಳು ಇಷ್ಟು ದಿನ ಜೀವಂತವಾಗಿವೆ, ಇದಕ್ಕಾಗಿ ಕೊಡಗಿನ ಬೆಳೆಗಾರರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ.

"ಸೀತಾಳೆ ನೋಡಿಕೊಂಡು ಕೂತರೆ ಬ್ಯಾಂಕ್ ಸಾಲ ತೀರುತ್ತಾ?" ಅಂತ ಒಬ್ಬರು ಹಿರಿಯ ಬೆಳೆಗಾರರು ನನ್ನನ್ನು ನೇರವಾಗಿ ಕೇಳಿದ್ದರು. ತೀರುವುದಿಲ್ಲ. ಅವಕ್ಕೆ ಸುಳ್ಳು ಲಾಭ ಕಟ್ಟಿ ಹೇಳುವುದೂ ನನಗೆ ಇಷ್ಟವಿಲ್ಲ, ಯಾಕೆಂದರೆ ಲಾಭ ಅಂತ ಹೇಳಿ ಉಳಿಸಿದ್ದನ್ನು ಲಾಭ ಇಲ್ಲ ಅಂತ ಗೊತ್ತಾದ ದಿನ ಕಡಿಯುತ್ತಾರೆ. ನನ್ನ ವಾದ ಇಷ್ಟೇ: ಇವುಗಳಿಂದ ಖರ್ಚೂ ಇಲ್ಲ. ಇಡೀ ತೋಟವನ್ನು ಕಾಡು ಮಾಡಿ ಅಂತ ಯಾರೂ ಹೇಳುತ್ತಿಲ್ಲ. ಎಕರೆಗೆ ನಾಲ್ಕೈದು ಹಳೆಯ, ಅಗಲ ಕೊಂಬೆಯ ಮರ ಬಿಡಿ. ಕಪಾತು ಮಾಡಿಸುವಾಗ ಮೊದಲ ದೊಡ್ಡ ಕವಲನ್ನು ಮುಟ್ಟದೆ ಮೇಲಿನ ಸಣ್ಣ ಕೊಂಬೆ ತೆಗೆಸಿ, ಬಿಸಿಲು ಅಷ್ಟರಿಂದಲೇ ಬೇಕಾದಷ್ಟು ಬರುತ್ತದೆ. ಪಾಚಿ ಕೆರೆಸಬೇಡಿ, ಅದಕ್ಕೆ ಕೊಡುವ ಕೂಲಿಯೂ ಉಳಿಯಿತು. ಹತ್ತಿರದಲ್ಲಿ ಜನ ಓಡಾಡದ ಕಡೆ ಒಂದು ಒಣಮರ ನಿಂತಿದ್ದರೆ ನಿಲ್ಲಲಿ. ಸರ್ಕಾರ ಮಾಡಬೇಕಾದ್ದು ಬೇರೆ ಇದೆ. ತಾನು ನೆಟ್ಟು ಬೆಳೆಸಿದ ಹೊನ್ನೆಯನ್ನು, ಮತ್ತಿಯನ್ನು ಸಿಲ್ವರ್‌ನಷ್ಟೇ ಸಲೀಸಾಗಿ ಮಾರಬಹುದು ಅನ್ನುವ ಭರವಸೆ ಬೆಳೆಗಾರರಿಗೆ ಸಿಕ್ಕರೆ ಮೊಣಕಾಲೆತ್ತರದ ಸಸಿಗಳು ಉಳಿಯುತ್ತವೆ. ಇದು ಆಗುವವರೆಗೆ ಉಳಿದ ಸಲಹೆಗಳೆಲ್ಲ ಒಳ್ಳೆಯ ಮನಸ್ಸಿನವರ ತೋಟಕ್ಕೆ ಮಾತ್ರ ಸೀಮಿತ.

ಮರ ಗಾಳಿಗೆ ಬಿದ್ದಿದ್ದರೆ, ಅಥವಾ ಕಡಿಯಲೇಬೇಕಾಗಿ ಬಂದಿದ್ದರೆ, ಸೌದೆ ಸೀಳುವ ಮೊದಲು ಕೊಂಬೆಗಳ ಮೇಲೆ ಕಣ್ಣಾಡಿಸಿ. ಸೀತಾಳೆ ಇದ್ದರೆ ಬೇರಿನ ಸಮೇತ, ಆದರೆ ತೊಗಟೆಯ ತುಂಡಿನೊಂದಿಗೇ ಬಿಡಿಸಿ ಪಕ್ಕದ ಹಲಸಿಗೋ ಮಾವಿಗೋ ತೆಂಗಿನ ನಾರಿನಿಂದ ಕಟ್ಟಿ. ಪ್ಲಾಸ್ಟಿಕ್ ದಾರ ಬೇಡ, ಬೇರನ್ನು ಕೊಯ್ಯುತ್ತದೆ. ಜೂನ್ ಮಳೆ ಹಿಡಿಯುವ ಹೊತ್ತಿಗೆ ಕಟ್ಟಿದರೆ ನೀರು ಹಾಕುವ ಕೆಲಸವೂ ಇಲ್ಲ. ಗೊಬ್ಬರ, ಮಣ್ಣು ಏನೂ ಬೇಡ, ಕುಂಡದಲ್ಲಿ ಮಣ್ಣು ತುಂಬಿ ನೆಟ್ಟರೆ ಕೊಳೆತು ಹೋಗುತ್ತದೆ. ಕಾಡಿನಿಂದ, ದೇವರಕಾಡಿನಿಂದ ಮಾತ್ರ ಕಿತ್ತು ತರಬೇಡಿ.